ಹೀಲಾಕ್: ಮನೆಯ ಮೇಲೆ ಸಾಲ ತೆಗೆಯುವ ಮುನ್ನ ಮಾಡಬೇಕಾದ ಲೆಕ್ಕ

ಅಮೆರಿಕದಲ್ಲಿ 2020–21ರಲ್ಲಿ ಮನೆ ಕೊಂಡವರಿಗೆ, ಇಲ್ಲವೇ ಹಳೆಯ ಸಾಲವನ್ನು ರೀಫೈನಾನ್ಸ್ ಮಾಡಿಸಿಕೊಂಡವರಿಗೆ (ಹೊಸ ಸಾಲ ತೆಗೆದು ಹಳೆಯದನ್ನು ತೀರಿಸಿಕೊಂಡವರಿಗೆ), ಈಗಿನ ದರಗಳನ್ನು ನೋಡಿದರೆ ತಮ್ಮ ಮೊದಲ ಗೃಹಸಾಲ ಬಂಗಾರದಂತೆ ಕಾಣುತ್ತದೆ. 30 ವರ್ಷದ ಸ್ಥಿರ ಬಡ್ಡಿ ಸಾಲದ ಸರಾಸರಿ ದರ, ಫ್ರೆಡ್ಡಿ ಮ್ಯಾಕ್ ಸಂಸ್ಥೆಯ ಸಮೀಕ್ಷೆಯಂತೆ, 2021ರ ಜನವರಿಯಲ್ಲಿ ಶೇ 2.65ಕ್ಕೆ ಇಳಿದಿತ್ತು, 2023ರ ಅಕ್ಟೋಬರ್‌ನಲ್ಲಿ ಶೇ 7.79 ಮುಟ್ಟಿತು. ಅಷ್ಟು ಅಗ್ಗದ ಸಾಲವನ್ನು ಬಿಟ್ಟುಕೊಟ್ಟು ಹೊಸದಾಗಿ ದುಬಾರಿ ಸಾಲ ಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೆ ಖರ್ಚುಗಳು ಕಾಯುವುದಿಲ್ಲ. ಛಾವಣಿ ಸೋರುತ್ತದೆ, ಅಡುಗೆಮನೆ ಹಳತಾಗುತ್ತದೆ, ಊರಿನಿಂದ ಬಂದು ಆರು ತಿಂಗಳು ಇರುವ ಅಪ್ಪ ಅಮ್ಮನಿಗೆ ಮೆಟ್ಟಿಲು ಹತ್ತದೆ ಇರುವಂತೆ ಕೆಳಗಿನ ಮಹಡಿಯಲ್ಲೊಂದು ಕೋಣೆ, ಸ್ನಾನದ ಮನೆ ಬೇಕಾಗುತ್ತದೆ. ಮನೆಯ ಬೆಲೆಯಂತೂ ಏರಿದೆ. ಆ ಏರಿದ ಬೆಲೆಯ ಮೇಲೆ, ಮೊದಲ ಸಾಲವನ್ನು ಮುಟ್ಟದೆ, ಹಣ ಪಡೆಯುವ ದಾರಿಯೇ ಹೀಲಾಕ್, ಅಂದರೆ ಹೋಮ್ ಇಕ್ವಿಟಿ ಲೈನ್ ಆಫ್ ಕ್ರೆಡಿಟ್ (HELOC).

ಬ್ಯಾಂಕು ಕಳಿಸುವ ಜಾಹೀರಾತಿನಲ್ಲಿ ಇದು ನಿಮ್ಮದೇ ಹಣ, ನೀವು ಅದನ್ನು ಬಳಸುವುದಷ್ಟೇ ಬಾಕಿ ಎಂಬ ಧಾಟಿ ಇರುತ್ತದೆ. ಇದು ಸಾಲ. ಕಟ್ಟದಿದ್ದರೆ ಹೋಗುವುದು ಮನೆ. ಹೀಲಾಕ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ; ಸರಿಯಾದ ಕೆಲಸಕ್ಕೆ ಸರಿಯಾದ ಲೆಕ್ಕದೊಂದಿಗೆ ತೆಗೆದುಕೊಂಡರೆ ಇದಕ್ಕಿಂತ ಅಗ್ಗವಾಗಿ ಹಣ ಸಿಗುವ ಮಾರ್ಗಗಳು ಕಡಿಮೆ. ನನ್ನ ಒತ್ತಾಯ ಒಂದೇ: ಮೊದಲ ಡಾಲರ್ ತೆಗೆಯುವ ಮುನ್ನವೇ ಅಸಲನ್ನು ಎಷ್ಟು ವರ್ಷದಲ್ಲಿ, ತಿಂಗಳಿಗೆ ಎಷ್ಟರಂತೆ ತೀರಿಸುತ್ತೀರಿ ಎಂಬುದನ್ನು ಕಾಗದದ ಮೇಲೆ ಬರೆಯಿರಿ.

ಮೊದಲು, ಇದು ನಡೆಯುವ ರೀತಿ ತಿಳಿದುಕೊಳ್ಳಿ

ನಮ್ಮೂರಿನ ಅಂಗಡಿಕಾರರು ಬ್ಯಾಂಕಿನಲ್ಲಿ ಇಟ್ಟುಕೊಳ್ಳುವ ಓಡಿ ಖಾತೆಯನ್ನು ನೆನೆಸಿಕೊಳ್ಳಿ. ಬ್ಯಾಂಕು ಒಂದು ಮಿತಿ ಹಾಕಿಕೊಡುತ್ತದೆ. ಬೇಕಾದಾಗ ತೆಗೆಯುತ್ತಾರೆ, ವ್ಯಾಪಾರವಾದಾಗ ಕಟ್ಟುತ್ತಾರೆ, ತೆಗೆದಷ್ಟು ಹಣಕ್ಕೆ, ತೆಗೆದಷ್ಟು ದಿನಕ್ಕೆ ಮಾತ್ರ ಬಡ್ಡಿ. ಹೀಲಾಕ್ ನಡೆಯುವುದೂ ಹಾಗೆಯೇ, ಭದ್ರತೆಯಾಗಿ ನಿಲ್ಲುವುದು ನೀವು ವಾಸವಿರುವ ಮನೆ. ಮೊದಲ ಗೃಹಸಾಲದ ಹಿಂದೆ ಎರಡನೆಯ ಋಣಭಾರವಾಗಿ ಇದು ದಾಖಲಾಗುತ್ತದೆ.

ಇದರ ಆಯುಷ್ಯದಲ್ಲಿ ಎರಡು ಘಟ್ಟಗಳಿವೆ. ಹಣ ತೆಗೆಯಬಹುದಾದ ಅವಧಿ ಸಾಮಾನ್ಯವಾಗಿ 10 ವರ್ಷ. ಈ ಅವಧಿಯಲ್ಲಿ ಅನೇಕ ಬ್ಯಾಂಕುಗಳು ಬಡ್ಡಿಯನ್ನಷ್ಟೇ ಕೇಳುತ್ತವೆ. ಅದು ಮುಗಿದ ಮರುದಿನದಿಂದ ಹಣ ತೆಗೆಯುವಂತಿಲ್ಲ, ತೀರಿಸುವ ಅವಧಿ ಶುರು. ಅದು 10ರಿಂದ 20 ವರ್ಷ. ಆಗ ಕಂತಿನಲ್ಲಿ ಅಸಲೂ ಸೇರುತ್ತದೆ. ಕೆಲವು ಒಪ್ಪಂದಗಳಲ್ಲಿ ತೀರಿಸುವ ಅವಧಿಯೇ ಇರುವುದಿಲ್ಲ, ಬಾಕಿಯನ್ನು ಒಂದೇ ಸಲಕ್ಕೆ ಕಟ್ಟಬೇಕು. ನಿಮ್ಮ ಒಪ್ಪಂದ ಯಾವ ಬಗೆಯದು ಎಂದು ಕೇಳದೆ ಮುಂದಕ್ಕೆ ಹೋಗಬೇಡಿ.

ಇದರ ಜೊತೆಗೆ ಇನ್ನೆರಡು ದಾರಿಗಳಿವೆ. ಹೋಮ್ ಇಕ್ವಿಟಿ ಲೋನ್‌ನಲ್ಲಿ ಹಣ ಒಂದೇ ಗಂಟಿನಲ್ಲಿ ಬರುತ್ತದೆ, ಬಡ್ಡಿ ಸ್ಥಿರ, ಕಂತು ಮೊದಲ ತಿಂಗಳಿಂದಲೇ ಅಸಲು ಸಮೇತ. ಖರ್ಚು ಎಷ್ಟೆಂದು ಖಚಿತವಾಗಿ ಗೊತ್ತಿದ್ದರೆ ನಾನು ಇದನ್ನೇ ಮೊದಲು ವಿಚಾರಿಸಲು ಹೇಳುತ್ತೇನೆ. ಕ್ಯಾಶ್-ಔಟ್ ರೀಫೈನಾನ್ಸ್‌ನಲ್ಲಿ ಹಳೆಯ ಸಾಲವೇ ಹೋಗಿ ದೊಡ್ಡದೊಂದು ಹೊಸ ಸಾಲ ಬರುತ್ತದೆ. ಶೇ 3ರ ಸಾಲ ಕೈಯಲ್ಲಿರುವವರು ಅದರ ಗೊಡವೆಗೆ ಹೋಗದಿರುವುದು ಒಳ್ಳೆಯದು.

ಎಷ್ಟು ಸಿಗಬಹುದು ಎಂದು ಲೆಕ್ಕ ಹಾಕಿ

ನಿಮ್ಮ ಮನೆಯ ಇಂದಿನ ಬೆಲೆ 6,00,000 ಡಾಲರ್, ಮೊದಲ ಸಾಲದ ಬಾಕಿ 3,40,000 ಡಾಲರ್ ಎಂದುಕೊಳ್ಳೋಣ. ಎರಡೂ ಸಾಲ ಸೇರಿ ಮನೆಯ ಬೆಲೆಯ ಶೇ 80ನ್ನು ಮೀರಬಾರದು ಎನ್ನುವ ಬ್ಯಾಂಕು 4,80,000 ಡಾಲರ್‌ವರೆಗೆ ಒಪ್ಪುತ್ತದೆ. ಅದರಲ್ಲಿ ಮೊದಲ ಸಾಲ ಕಳೆದರೆ 1,40,000 ಡಾಲರ್. ಶೇ 85ರವರೆಗೆ ಹೋಗುವ ಬ್ಯಾಂಕಾದರೆ 1,70,000. ಬ್ಯಾಂಕಿನ ಮೌಲ್ಯಮಾಪಕರು ಹಾಕುವ ಬೆಲೆಯೇ ಲೆಕ್ಕಕ್ಕೆ ಬರುತ್ತದೆ, ಆಸ್ತಿ ಜಾಲತಾಣಗಳು ತೋರಿಸುವ ಅಂದಾಜು ಬೆಲೆ ಬರುವುದಿಲ್ಲ.

ಸಿಗುವಷ್ಟನ್ನೆಲ್ಲ ತೆಗೆದುಕೊಳ್ಳಬೇಕೆಂದೇನೂ ಇಲ್ಲ. ಬೇಕಾಗಿರುವುದು 60,000 ಡಾಲರ್ ಆಗಿದ್ದರೆ 75,000 ಡಾಲರ್ ಮಿತಿ ಧಾರಾಳವಾಯಿತು. ಮಿತಿ ದೊಡ್ಡದಿದ್ದಷ್ಟೂ ಖರ್ಚಿಗೆ ಕಾರಣಗಳು ಹುಟ್ಟಿಕೊಳ್ಳುತ್ತವೆ.

ಬಡ್ಡಿ ಹೇಗೆ ಏರುತ್ತದೆ, ಕಂತು ಹೇಗೆ ಹಾರುತ್ತದೆ

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಹೀಲಾಕ್ ತೆಗೆದುಕೊಂಡು ಕಷ್ಟಕ್ಕೆ ಸಿಲುಕಿದವರಲ್ಲಿ ಬಹುತೇಕರು ಎಡವುವುದು ಇಲ್ಲಿಯೇ.

ಹೀಲಾಕ್‌ನ ಬಡ್ಡಿ ಬಹುಪಾಲು ಬದಲಾಗುತ್ತಿರುವ ಬಡ್ಡಿ. ಪ್ರೈಮ್ ದರ ಎಂಬ ಮೂಲ ದರಕ್ಕೆ ಬ್ಯಾಂಕು ತನ್ನ ಮಾರ್ಜಿನ್, ಅಂದರೆ ತನ್ನ ಪಾಲಿನ ಹೆಚ್ಚುವರಿ ದರ, ಸೇರಿಸುತ್ತದೆ. ಪ್ರೈಮ್ ದರ, ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ (ಫೆಡ್) ನಿಗದಿ ಮಾಡುವ ದರದ ಮೇಲ್ಮಿತಿಗಿಂತ ಮೂರು ಶೇಕಡಾ ಅಂಶ ಹೆಚ್ಚಿರುವುದು ರೂಢಿ. ಫೆಡ್ ಏರಿಸಿದರೆ ಇದೂ ಏರುತ್ತದೆ. 2022ರ ಮಾರ್ಚ್ ಆರಂಭದಲ್ಲಿ ಪ್ರೈಮ್ ಶೇ 3.25 ಇತ್ತು. 2023ರ ಜುಲೈ ಕೊನೆಯ ಹೊತ್ತಿಗೆ ಶೇ 8.50 ಆಗಿತ್ತು. 60,000 ಡಾಲರ್ ತೆಗೆದು, ಅರ್ಧ ಶೇಕಡಾ ಅಂಶ ಮಾರ್ಜಿನ್ ಇದ್ದವರು ತಿಂಗಳಿಗೆ ಸುಮಾರು 188 ಡಾಲರ್ ಬಡ್ಡಿ ಕಟ್ಟುತ್ತಿದ್ದರು. ಒಂದೂವರೆ ವರ್ಷದೊಳಗೆ ಅದು 450 ಡಾಲರ್ ಆಯಿತು. ಹೊಸದಾಗಿ ಒಂದು ಡಾಲರನ್ನೂ ತೆಗೆಯದೆ ಕಂತು ಎರಡು ಪಟ್ಟಿಗಿಂತ ಹೆಚ್ಚಾಯಿತು. ಆಮೇಲೆ ದರ ಇಳಿಯತೊಡಗಿತು, 2024ರ ಕೊನೆಗೆ ಪ್ರೈಮ್ ಶೇ 7.50. ಮುಂದೆ ಯಾವ ಕಡೆಗೆ ಹೋಗುತ್ತದೆ ಎಂಬುದರ ಮೇಲೆ ಮನೆಯನ್ನು ಪಣಕ್ಕಿಡಬಾರದು.

ಈಗ ಎರಡನೆಯ ಲೆಕ್ಕ. ದರ ಶೇ 8ರಲ್ಲೇ ನಿಂತಿತು ಎಂದು ಇಟ್ಟುಕೊಳ್ಳಿ. 60,000 ಡಾಲರ್‌ಗೆ ತಿಂಗಳಿಗೆ ಬಡ್ಡಿ 400 ಡಾಲರ್. ಹತ್ತು ವರ್ಷ ತಪ್ಪದೆ ಕಟ್ಟಿದರೆ 48,000 ಡಾಲರ್ ಕೈಬಿಟ್ಟಿತು, ಆದರೂ ಸಾಲ 60,000 ಡಾಲರ್ ಇದ್ದಲ್ಲೇ ಇರುತ್ತದೆ. ತೀರಿಸುವ ಅವಧಿ 20 ವರ್ಷವಾದರೆ ಕಂತು ಸುಮಾರು 502 ಡಾಲರ್‌ಗೆ ಏರುತ್ತದೆ. ಅವಧಿ 10 ವರ್ಷವಾದರೆ 728 ಡಾಲರ್‌ಗೆ ಜಿಗಿಯುತ್ತದೆ. 30 ವರ್ಷದ ಹಾದಿ ಹಿಡಿದವರು ಒಟ್ಟು ಕಟ್ಟುವ ಬಡ್ಡಿ 1,08,000 ಡಾಲರ್ ದಾಟುತ್ತದೆ, ಅಡುಗೆಮನೆಯ ಬೆಲೆ 60,000 ಇದ್ದರೂ.

ಇದೇ ಸಾಲವನ್ನು ಮೊದಲ ತಿಂಗಳಿಂದಲೇ ಐದು ವರ್ಷದಲ್ಲಿ ತೀರಿಸಲು ಹೊರಟರೆ ಕಂತು ಸುಮಾರು 1,217 ಡಾಲರ್, ಒಟ್ಟು ಬಡ್ಡಿ 13,000 ಡಾಲರ್. ಹತ್ತು ವರ್ಷದಲ್ಲಿ ತೀರಿಸಿದರೆ ತಿಂಗಳಿಗೆ 728, ಬಡ್ಡಿ 27,400ರ ಆಸುಪಾಸು. ಈ ಎರಡರಲ್ಲಿ ಯಾವುದೂ ನಿಮ್ಮ ಸಂಸಾರದ ಖರ್ಚಿನೊಳಗೆ ಕೂರುವುದಿಲ್ಲ ಎಂದಾದರೆ, 60,000 ಡಾಲರ್‌ನ ಕೆಲಸ ಈಗ ನಿಮ್ಮ ಶಕ್ತಿಗೆ ಮೀರಿದ್ದು. ಕೆಲಸವನ್ನು ಚಿಕ್ಕದು ಮಾಡಿ, ಇಲ್ಲವೇ ಒಂದೆರಡು ವರ್ಷ ಉಳಿತಾಯ ಮಾಡಿ ಆಮೇಲೆ ಕೈಹಾಕಿ. 400 ಡಾಲರ್ ಕಟ್ಟಬಲ್ಲೆನಲ್ಲ ಎಂಬ ಧೈರ್ಯದ ಮೇಲೆ ಸಹಿ ಮಾಡಬೇಡಿ.

ಒಪ್ಪಂದದಲ್ಲಿ ಬಡ್ಡಿಯ ಗರಿಷ್ಠ ಮಿತಿ ಬರೆದಿರಲೇಬೇಕು, ಕಾನೂನು ಹಾಗೆ ಹೇಳುತ್ತದೆ. ಎಷ್ಟೋ ಒಪ್ಪಂದಗಳಲ್ಲಿ ಅದು ಶೇ 18. ಅಷ್ಟರವರೆಗೆ ಏರಲಿಕ್ಕಿಲ್ಲ, ಆದರೆ ಏರಿದರೆ ತಡೆಯುವವರು ಯಾರೂ ಇಲ್ಲ ಎಂಬುದು ಅದರ ಅರ್ಥ. ತೆಗೆದ ಹಣದ ಒಂದು ಭಾಗವನ್ನು ಸ್ಥಿರ ಬಡ್ಡಿಗೆ ಬದಲಿಸಿಕೊಳ್ಳುವ ಅವಕಾಶವನ್ನು ಕೆಲವು ಬ್ಯಾಂಕುಗಳು ಕೊಡುತ್ತವೆ. ಅದನ್ನು ಕೇಳಿ ಪಡೆಯಿರಿ.

ಯಾವುದಕ್ಕೆ ಬಳಸಬೇಕು, ಯಾವುದಕ್ಕೆ ಬಾರದು

ಮನೆಯ ಆಯುಸ್ಸನ್ನೋ ಬೆಲೆಯನ್ನೋ ಹೆಚ್ಚಿಸುವ ಕೆಲಸಕ್ಕೆ ಹೀಲಾಕ್ ಒಪ್ಪುತ್ತದೆ: ಛಾವಣಿ, ಕೊಳಾಯಿ, ವಿದ್ಯುತ್ ವ್ಯವಸ್ಥೆ, ಹೆಚ್ಚುವರಿ ಕೋಣೆ. ಕೆಲಸ ಹಂತ ಹಂತವಾಗಿ ನಡೆಯುವುದರಿಂದ ಹಣವನ್ನೂ ಹಂತ ಹಂತವಾಗಿ ತೆಗೆದು ಬಡ್ಡಿ ಉಳಿಸಬಹುದು. ತೆರಿಗೆಯ ದೃಷ್ಟಿಯಿಂದಲೂ ಇದೇ ಸರಿ. 2017ರಲ್ಲಿ ಅಂಗೀಕಾರವಾದ ತೆರಿಗೆ ಕಾನೂನಿನ ಪ್ರಕಾರ, ಸಾಲಕ್ಕೆ ಒತ್ತೆಯಾಗಿರುವ ಮನೆಯನ್ನೇ ಕೊಳ್ಳಲು, ಕಟ್ಟಲು ಅಥವಾ ಗಣನೀಯವಾಗಿ ಉತ್ತಮಪಡಿಸಲು ಹಣ ಬಳಸಿದರೆ ಮಾತ್ರ ಗೃಹಸಾಲದ ಬಡ್ಡಿ ಎಂದು ಕಡಿತ ಸಿಗುತ್ತದೆ. ಆ ಕಾನೂನಿನ ನಂತರದ ಸಾಲಗಳಿಗೆ ಮೊದಲ ಸಾಲವೂ ಸೇರಿ ಮಿತಿ 7,50,000 ಡಾಲರ್. 2025ರ ಕಾನೂನು ಈ ನಿಯಮವನ್ನು ಕಾಯಂಗೊಳಿಸಿದೆ. ಸ್ಟ್ಯಾಂಡರ್ಡ್ ಡಿಡಕ್ಷನ್ (ಲೆಕ್ಕ ಬಿಡಿಸದೆ ಸಿಗುವ ನಿಗದಿತ ಕಡಿತ) ತೆಗೆದುಕೊಳ್ಳುವವರಿಗೆ ಈ ಕಡಿತದಿಂದ ಪ್ರಯೋಜನವಿಲ್ಲ, ಪ್ರತಿ ಬಾಬ್ತನ್ನೂ ಬಿಡಿಸಿ ತೋರಿಸುವವರಿಗೆ ಮಾತ್ರ. ಗುತ್ತಿಗೆದಾರರ ಬಿಲ್ಲುಗಳನ್ನೆಲ್ಲ ಜೋಪಾನವಾಗಿಡಿ.

ಕಾರು, ಪ್ರವಾಸ, ಮದುವೆ, ಷೇರು ಇವುಗಳಿಗೆ ಮನೆಯನ್ನು ಒತ್ತೆಯಿಡಬಾರದು ಎಂದು ವಿವರಿಸಬೇಕಾಗಿಲ್ಲ. ಕ್ರೆಡಿಟ್ ಕಾರ್ಡಿನ ಬಾಕಿ ತೀರಿಸಲು ಹೀಲಾಕ್ ಬಳಸುವವರಿಗೆ ಬಡ್ಡಿ ಕಡಿಮೆಯಾಗುವುದು ನಿಜ. ಆದರೆ ಕಾರ್ಡಿನ ಸಾಲಕ್ಕೆ ಮನೆ ಒತ್ತೆ ಇರಲಿಲ್ಲ, ಈಗ ಇರುತ್ತದೆ. ಕಾರ್ಡು ಉಜ್ಜುವ ಅಭ್ಯಾಸ ಬದಲಾಗದಿದ್ದರೆ ಎರಡೂ ಸಾಲ ಉಳಿಯುತ್ತವೆ.

ನಮ್ಮವರಲ್ಲಿ ವಿಶೇಷವಾಗಿ ಕಾಣುವ ಇನ್ನೊಂದು ಆಸೆಯ ಬಗ್ಗೆ ಬಿಡಿಸಿ ಹೇಳಬೇಕು: ಇಲ್ಲಿನ ಮನೆಯ ಮೇಲೆ ಹೀಲಾಕ್ ತೆಗೆದು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ನಿವೇಶನ ಅಥವಾ ಫ್ಲ್ಯಾಟ್ ಕೊಳ್ಳುವುದು. ಊರಲ್ಲೊಂದು ನೆಲೆ ಇರಲಿ ಎಂಬ ಹಂಬಲ ನನಗೂ ಅರ್ಥವಾಗುತ್ತದೆ. ಆದರೆ ಲೆಕ್ಕ ಹೀಗಿದೆ. ಸಾಲ ಡಾಲರಿನಲ್ಲಿ, ಬಾಡಿಗೆ ರೂಪಾಯಿಯಲ್ಲಿ. ರೂಪಾಯಿ ಕುಸಿದಷ್ಟೂ ಆ ಬಾಡಿಗೆಯಿಂದ ಇಲ್ಲಿನ ಬಡ್ಡಿ ಕಟ್ಟುವುದು ಕಷ್ಟ. ನಿವೇಶನಕ್ಕಂತೂ ಬಾಡಿಗೆಯೇ ಇಲ್ಲ. ಊರಿನ ಆಸ್ತಿಯ ಖಾತೆ ಸರಿಯಿಲ್ಲದೆ, ಹಕ್ಕಿನ ತಕರಾರಿನಲ್ಲಿ, ಕಟ್ಟಡ ಮುಗಿಸದ ಬಿಲ್ಡರನ ಕೈಯಲ್ಲಿ ಸಿಕ್ಕಿಬಿದ್ದರೂ ಇಲ್ಲಿನ ಕಂತು ನಿಲ್ಲುವುದಿಲ್ಲ. ಅನಿವಾಸಿ ಭಾರತೀಯರಾಗಲಿ ಓಸಿಐ ಕಾರ್ಡಿನವರಾಗಲಿ ಭಾರತದಲ್ಲಿ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ ಎಂಬುದೂ ನೆನಪಿರಲಿ. ಪಿತ್ರಾರ್ಜಿತವಾಗಿ ಬಂದರೆ ಬೇರೆ ಮಾತು. ಊರಿನಲ್ಲಿ ಆಸ್ತಿ ಬೇಕೆಂದರೆ ಉಳಿತಾಯದ ಹಣದಿಂದ ಕೊಳ್ಳಿ. ಮಕ್ಕಳು ಮಲಗುವ ಮನೆಯನ್ನು ಅದಕ್ಕೆ ಜಾಮೀನು ನಿಲ್ಲಿಸಬೇಡಿ.

ಅರ್ಜಿ ಹಾಕುವಾಗ

ಕನಿಷ್ಠ ಮೂರು ಕಡೆ ವಿಚಾರಿಸಿ, ಅದರಲ್ಲೊಂದು ನಿಮ್ಮ ಊರಿನ ಕ್ರೆಡಿಟ್ ಯೂನಿಯನ್ (ಸದಸ್ಯರೇ ಒಡೆಯರಾಗಿರುವ ಸಹಕಾರಿ ಬ್ಯಾಂಕು) ಆಗಿರಲಿ. ಮೊದಲ ಆರು ತಿಂಗಳಿಗೋ ವರ್ಷಕ್ಕೋ ತೋರಿಸುವ ಆಕರ್ಷಕ ದರವನ್ನು ಪಕ್ಕಕ್ಕಿಟ್ಟು ಮಾರ್ಜಿನ್ ಎಷ್ಟು ಎಂದು ಕೇಳಿ. ಬೇರೆ ಬೇರೆ ಬ್ಯಾಂಕುಗಳನ್ನು ಹೋಲಿಸಲು ಅದೇ ಸರಿಯಾದ ಅಳತೆ. ಕ್ರೆಡಿಟ್ ಸ್ಕೋರ್ 700ರ ಮೇಲಿದ್ದರೆ ಮಾತುಕತೆ ಸುಲಭ. ಎಲ್ಲ ಸಾಲಗಳ ಕಂತೂ ಸೇರಿ ತಿಂಗಳ ಒಟ್ಟು ಆದಾಯದ ಶೇ 43ರ ಒಳಗಿರಬೇಕು ಎಂದು ಅನೇಕ ಬ್ಯಾಂಕುಗಳು ನೋಡುತ್ತವೆ. ಡಬ್ಲ್ಯು-2 (ಉದ್ಯೋಗದಾತರು ಕೊಡುವ ವರ್ಷದ ಸಂಬಳ, ತೆರಿಗೆಯ ಪತ್ರ), ಇತ್ತೀಚಿನ ಸಂಬಳದ ಚೀಟಿಗಳು, ತೆರಿಗೆ ರಿಟರ್ನ್, ಮೊದಲ ಸಾಲದ ಲೆಕ್ಕಪಟ್ಟಿ, ಮನೆ ವಿಮೆಯ ಪ್ರತಿ ಸಿದ್ಧವಿಟ್ಟುಕೊಳ್ಳಿ. ಎಚ್-1ಬಿ ಮೇಲಿರುವವರಿಂದ ವೀಸಾ ಮಂಜೂರಾತಿ ಪತ್ರವನ್ನೂ ಕೇಳಬಹುದು.

ಶುಲ್ಕಗಳ ವಿಷಯದಲ್ಲಿ ನಾಚಿಕೆ ಬೇಡ. ಮೌಲ್ಯಮಾಪನ, ಹಕ್ಕುಪತ್ರದ ಪರಿಶೀಲನೆ, ನೋಂದಣಿ, ವಾರ್ಷಿಕ ಶುಲ್ಕ, ಹಣ ತೆಗೆಯದೆ ಇದ್ದರೆ ಹಾಕುವ ದಂಡ, ಖಾತೆ ತೆರೆದ ದಿನವೇ ಇಂತಿಷ್ಟು ತೆಗೆಯಲೇಬೇಕೆಂಬ ಷರತ್ತು ಇವೆಲ್ಲವನ್ನೂ ಬರವಣಿಗೆಯಲ್ಲಿ ಕೇಳಿ. ಆರಂಭದ ಖರ್ಚನ್ನೆಲ್ಲ ನಾವೇ ಭರಿಸುತ್ತೇವೆ ಎನ್ನುವ ಬ್ಯಾಂಕುಗಳಲ್ಲಿ ಎಷ್ಟೋ, ನೀವು ಎರಡು ಮೂರು ವರ್ಷದೊಳಗೆ ಖಾತೆ ಮುಚ್ಚಿದರೆ ಆ ಖರ್ಚನ್ನು ವಾಪಸು ವಸೂಲು ಮಾಡುತ್ತವೆ. ಮನೆ ಮಾರುವ ಯೋಚನೆ ಇದ್ದವರಿಗೆ ಇದು ಮುಖ್ಯ. ಅರ್ಜಿಯ ಜೊತೆಗೆ ಕೈಗೆ ಸಿಗುವ ಗ್ರಾಹಕ ಹಣಕಾಸು ಸಂರಕ್ಷಣಾ ಸಂಸ್ಥೆಯ ಕಿರುಹೊತ್ತಗೆಯನ್ನು ಓದಿ, ಅದರಲ್ಲಿ ಬ್ಯಾಂಕುಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಲು ಪಟ್ಟಿಯೂ ಇದೆ.

ಡಾಲಸ್, ಆಸ್ಟಿನ್, ಹ್ಯೂಸ್ಟನ್‌ಗಳಲ್ಲಿರುವ ಕನ್ನಡಿಗರಿಗೆ ಒಂದು ಮಾತು. ವಾಸದ ಮನೆಯ ಮೇಲಿನ ಇಂಥ ಸಾಲಕ್ಕೆ ಟೆಕ್ಸಸ್ ರಾಜ್ಯದ ಸಂವಿಧಾನದಲ್ಲೇ ಕಟ್ಟುಪಾಡುಗಳಿವೆ. ಎರಡೂ ಸಾಲ ಸೇರಿ ಮನೆಯ ಬೆಲೆಯ ಶೇ 80 ಮೀರುವಂತಿಲ್ಲ. ಅರ್ಜಿ ಕೊಟ್ಟು 12 ದಿನ ಕಳೆಯುವವರೆಗೆ ಒಪ್ಪಂದ ಆಗುವುದಿಲ್ಲ. ಒಂದು ಸಲಕ್ಕೆ ಕನಿಷ್ಠ 4,000 ಡಾಲರ್ ತೆಗೆಯಬೇಕು, ಅದೂ ಕಾರ್ಡ್ ಮೂಲಕ ತೆಗೆಯುವಂತಿಲ್ಲ. ಗಂಡ ಹೆಂಡತಿ ಇಬ್ಬರ ಸಹಿಯೂ ಬೇಕು. ಬೇರೆ ರಾಜ್ಯದಲ್ಲಿರುವ ಗೆಳೆಯರ ಅನುಭವ ಇಲ್ಲಿಗೆ ಹೊಂದುವುದಿಲ್ಲ.

ಸಹಿಯಾದ ಮೇಲಿನ ಮೂರು ದಿನ

ನೀವು ವಾಸವಿರುವ ಮನೆಯ ಮೇಲೆ ಹೀಲಾಕ್‌ಗೆ ಸಹಿ ಮಾಡಿದ ಮೇಲೆ ಮೂರನೆಯ ವ್ಯವಹಾರ ದಿನದ ಮಧ್ಯರಾತ್ರಿಯವರೆಗೆ ಅದನ್ನು ರದ್ದು ಮಾಡುವ ಹಕ್ಕು ಕೇಂದ್ರ ಕಾನೂನಿನಿಂದ ಬಂದಿದೆ. ಇಲ್ಲಿ ಶನಿವಾರವೂ ಎಣಿಕೆಗೆ ಸೇರುತ್ತದೆ. ಭಾನುವಾರ ಮತ್ತು ಕೇಂದ್ರ ಸರ್ಕಾರದ ರಜಾದಿನಗಳು ಸೇರುವುದಿಲ್ಲ. ಶುಕ್ರವಾರ ಸಹಿ ಮಾಡಿದರೆ, ನಡುವೆ ರಜೆ ಇಲ್ಲದಿದ್ದರೆ, ಮಂಗಳವಾರ ಮಧ್ಯರಾತ್ರಿಯವರೆಗೆ ಸಮಯವಿದೆ. ರದ್ದು ಮಾಡುವ ಪತ್ರ ಬರಹದಲ್ಲೇ ಇರಬೇಕು. ಕಾರಣ ಹೇಳಬೇಕಾಗಿಲ್ಲ, ಕಟ್ಟಿದ ಶುಲ್ಕವೂ ವಾಪಸು ಬರಬೇಕು. ಹಣ ಕೈಗೆ ಸಿಗುವುದು ಈ ಅವಧಿ ಮುಗಿದ ಮೇಲೆಯೇ, ಹಾಗಾಗಿ ಗುತ್ತಿಗೆದಾರರಿಗೆ ಮುಂಗಡ ಕೊಡುವ ದಿನಾಂಕವನ್ನು ಅದಕ್ಕೆ ಹೊಂದಿಸಿಕೊಳ್ಳಿ. ಆ ಮೂರು ದಿನದಲ್ಲಿ ಗಂಡ ಹೆಂಡತಿ ಒಟ್ಟಿಗೆ ಕೂತು ಒಪ್ಪಂದವನ್ನು ಮೊದಲಿನಿಂದ ಕೊನೆಯವರೆಗೆ ಓದಿ.

ಹಣ ತೆಗೆಯುವಾಗ, ಮತ್ತು ಕೆಲಸ ಹೋದಾಗ

ಕೆಲಸ ಆದಷ್ಟಕ್ಕೆ ಮಾತ್ರ ಹಣ ತೆಗೆಯಿರಿ. ನೀವು ಬರೆದಿಟ್ಟ ಕಂತು, ಉದಾಹರಣೆಗೆ 728 ಡಾಲರ್, ಮೊದಲ ತಿಂಗಳಿಂದಲೇ ಖಾತೆಯಿಂದ ತಾನಾಗಿ ಹೋಗುವಂತೆ ಮಾಡಿ. ಬ್ಯಾಂಕು 400 ಡಾಲರ್ ಸಾಕೆಂದರೂ ಅದನ್ನು ಕೇಳಬೇಡಿ. ಬಡ್ಡಿಗಿಂತ ಹೆಚ್ಚು ಕಟ್ಟಿದ್ದು ಅಸಲಿಗೆ ಜಮೆಯಾಗಿದೆಯೇ ಎಂದು ಮುಂದಿನ ತಿಂಗಳ ಲೆಕ್ಕಪಟ್ಟಿಯಲ್ಲಿ ನೋಡಿ.

ಅನೇಕರು ಹೀಲಾಕ್ ತೆರೆದಿಟ್ಟು ಅದನ್ನೇ ಆಪದ್ಧನ ಎಂದುಕೊಳ್ಳುತ್ತಾರೆ. ಇದು ಅಪಾಯದ ಎಣಿಕೆ. ಮನೆಯ ಬೆಲೆ ಗಮನಾರ್ಹವಾಗಿ ಕುಸಿದರೆ, ಅಥವಾ ನಿಮ್ಮ ಹಣಕಾಸಿನ ಸ್ಥಿತಿ ಹದಗೆಟ್ಟು ನೀವು ಕಟ್ಟಲಾರಿರಿ ಎಂದು ಬ್ಯಾಂಕಿಗೆ ಅನಿಸಲು ತಕ್ಕ ಕಾರಣವಿದ್ದರೆ, ಅದು ಮಿತಿಯನ್ನು ಕಡಿತ ಮಾಡಬಹುದು, ಪೂರ್ತಿ ತಡೆಹಿಡಿಯಲೂಬಹುದು. ಕಾನೂನೇ ಅದಕ್ಕೆ ಅವಕಾಶ ಕೊಟ್ಟಿದೆ. 2008ರ ಬಿಕ್ಕಟ್ಟಿನ ದಿನಗಳಲ್ಲಿ ಬ್ಯಾಂಕುಗಳು ಹೀಗೆ ಅಸಂಖ್ಯ ಖಾತೆಗಳನ್ನು ತಡೆಹಿಡಿದವು. ಕೆಲಸ ಹೋಗುವ ಕಾಲವೂ ಮನೆಯ ಬೆಲೆ ಬೀಳುವ ಕಾಲವೂ ಒಂದೇ ಆಗಿರುವುದು ಅಪರೂಪವೇನಲ್ಲ. ಹಣ ಅತ್ಯಂತ ಬೇಕಾದ ಹೊತ್ತಿನಲ್ಲೇ ಬಾಗಿಲು ಮುಚ್ಚಿರಬಹುದು.

ಎಚ್-1ಬಿ ಮೇಲಿರುವವರಿಗೆ ಇದು ದುಪ್ಪಟ್ಟು ಚಿಂತೆಯ ವಿಷಯ. ಕೆಲಸ ಹೋದರೆ ಬೇರೆ ಉದ್ಯೋಗದಾತರನ್ನು ಹುಡುಕಿಕೊಳ್ಳಲು ಗರಿಷ್ಠ 60 ದಿನ ಕಾಲಾವಕಾಶ. ಆ ಅವಧಿಯಲ್ಲಿ ಎರಡು ಸಾಲಗಳ ಕಂತು, ಆಸ್ತಿ ತೆರಿಗೆ, ವಿಮೆ, ವಕೀಲರ ಶುಲ್ಕ ಎಲ್ಲವೂ ಒಟ್ಟಿಗೆ ಬರುತ್ತವೆ. ದೇಶ ಬಿಡಬೇಕಾಗಿ ಬಂದರೆ ಮನೆಯನ್ನು ಸಿಕ್ಕಿದ ಬೆಲೆಗೆ ಮಾರಬೇಕಾಗಬಹುದು, ಆಗ ಮೊದಲ ಸಾಲ ತೀರಿ, ಹೀಲಾಕ್ ತೀರಿ, ಉಳಿದದ್ದಷ್ಟೇ ಕೈಗೆ. ಗ್ರೀನ್ ಕಾರ್ಡ್ ಬರುವವರೆಗೆ ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿ ನಗದಾಗಿ ಇಲ್ಲದವರು ಹೀಲಾಕ್‌ನಿಂದ ಹಣ ತೆಗೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಕಂತು ತಪ್ಪುವಂತೆ ಕಂಡರೆ, ತಪ್ಪುವ ಮುನ್ನವೇ ಬ್ಯಾಂಕಿಗೆ ಕರೆ ಮಾಡಿ. ಕೇಂದ್ರ ವಸತಿ ಇಲಾಖೆಯ ಮಾನ್ಯತೆ ಪಡೆದ ವಸತಿ ಸಲಹಾ ಸಂಸ್ಥೆಗಳು ಮನೆ ಕಳೆದುಕೊಳ್ಳುವ ಸ್ಥಿತಿಯಲ್ಲಿರುವವರಿಗೆ ಉಚಿತವಾಗಿ ಮಾರ್ಗದರ್ಶನ ಕೊಡುತ್ತವೆ. ನಾಚಿಕೆಯಿಂದ ಸುಮ್ಮನಿದ್ದು ಮನೆ ಕಳೆದುಕೊಳ್ಳಬೇಡಿ.

ರೀಫೈನಾನ್ಸ್, ಮಾರಾಟ, ಮುಚ್ಚುವುದು

ಹೀಲಾಕ್ ಇರುವಾಗ ಮೊದಲ ಸಾಲವನ್ನು ರೀಫೈನಾನ್ಸ್ ಮಾಡಿಸಬೇಕೆಂದರೆ, ತಾನು ಎರಡನೆಯ ಸ್ಥಾನದಲ್ಲೇ ಇರುತ್ತೇನೆಂದು ಹೀಲಾಕ್ ಕೊಟ್ಟ ಬ್ಯಾಂಕು ಒಪ್ಪಿಗೆ ಪತ್ರ ಕೊಡಬೇಕು. ಅದಕ್ಕೆ ವಾರಗಳೇ ಹಿಡಿಯಬಹುದು, ಹಾಗಾಗಿ ದರ ಇಳಿದಿದೆ ಎಂದು ಓಡುವ ಮುನ್ನ ಅಲ್ಲಿ ಕೇಳಿ. ಮನೆ ಮಾರುವಾಗ ಬಾಕಿ ಪೂರ್ತಿ ತೀರಿಯೇ ಹಕ್ಕು ವರ್ಗಾವಣೆ ಆಗುತ್ತದೆ.

ಸಾಲ ತೀರಿಸಿದ ಮೇಲೆ ಎಷ್ಟೋ ಜನ ಮರೆಯುವ ಕೆಲಸವೊಂದಿದೆ. ಬಾಕಿ ಸೊನ್ನೆಯಾದ ಮಾತ್ರಕ್ಕೆ ಖಾತೆ ಮುಚ್ಚುವುದಿಲ್ಲ, ಮನೆಯ ಮೇಲಿನ ಋಣಭಾರವೂ ಹೋಗುವುದಿಲ್ಲ. ಅದು ತೆರೆದ ಮಿತಿಯಾಗಿ ಉಳಿಯುತ್ತದೆ. ಖಾತೆ ಮುಚ್ಚಿ, ಋಣಭಾರ ತೆಗೆಯಿರಿ ಎಂದು ಸಹಿ ಮಾಡಿದ ಪತ್ರವನ್ನು ಬ್ಯಾಂಕಿಗೆ ಕೊಡಬೇಕು. ಅಂದಿನವರೆಗಿನ ಬಡ್ಡಿ ಸೇರಿದ ಅಂತಿಮ ಮೊತ್ತದ ಪತ್ರ ಕೇಳಿ ಪಡೆಯಿರಿ, ಲೆಕ್ಕಪಟ್ಟಿಯಲ್ಲಿ ಕಂಡ ಮೊತ್ತ ಕಟ್ಟಿದರೆ ಕೆಲವು ಡಾಲರ್ ಬಾಕಿ ಉಳಿದು ಬಿಡುತ್ತದೆ. ಬಿಡುಗಡೆ ಪತ್ರ ನಿಮ್ಮ ಕೌಂಟಿಯ ದಾಖಲೆ ಕಚೇರಿಯಲ್ಲಿ ನೋಂದಣಿಯಾಗಬೇಕು. ಒಂದೆರಡು ತಿಂಗಳ ನಂತರ ಆ ಕಚೇರಿಯ ಜಾಲತಾಣದಲ್ಲಿ ನಿಮ್ಮ ಹೆಸರು ಹಾಕಿ ಹುಡುಕಿ, ಬಿಡುಗಡೆ ದಾಖಲಾಗಿದ್ದರೆ ಅದರ ಪ್ರತಿಯನ್ನು ಇಳಿಸಿಕೊಂಡು ಮನೆಯ ಕಾಗದಪತ್ರಗಳ ಜೊತೆ ಇಡಿ. ದಾಖಲಾಗಿಲ್ಲವಾದರೆ ಆ ದಿನವೇ ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಡಿ.